ಎಲ್ಲರದೂ ಮೂವತ್ತೆಂಟು

ನಿಮ್ಮೂರಲ್ಲಿ ದೊಡ್ಡ ಆಸ್ಪತ್ರೆ ಇರಬಹುದು. ಲಿಫ್ಟ್ ಇರಬಹುದು, ಎಕ್ಸ್‌ರೇ ಇರಬಹುದು, ಬಿಳಿ ಕೋಟಿನ ಡಾಕ್ಟರುಗಳು ಸಾಲುಗಟ್ಟಿ ಓಡಾಡುತ್ತಿರಬಹುದು. ಇರಲಿ, ಸಂತೋಷ. ನಮ್ಮ ತೆಕೆ-ಬುಲಾಕ್‌ನಲ್ಲಿ ಬುರುಲ್ ಎಜೆ ಇದ್ದಾರೆ! ಊರಿಗೆಲ್ಲ ಅಕ್ಕ, ಅದಕ್ಕೇ ಎಜೆ. ಅವರು ಹೊಸ್ತಿಲ ಮೇಲೆ ನಿಂತರೆ ಸಾಕು, ಒಳಗಿರುವ ರೋಗದ ಕಾಲು ನಡುಗುತ್ತದೆ. ಮುಟ್ಟಬೇಕಿಲ್ಲ, ಬಗ್ಗಬೇಕಿಲ್ಲ. ಒಂದೇ ಒಂದು ನೋಟ, ರೋಗ ಫಿನಿಶ್! ಹಿಂದೆ ಮ್ಯೂಸಿಕ್ ಒಂದು ಕಡಿಮೆ, ಅಷ್ಟೇ. ಕಳೆದ ಚಳಿಗಾಲದಲ್ಲಿ ಪುಟ್ಟ ಆರ್ಗೆನ್‌ನ ಜೀವ ಉಳಿಸಿದ್ದೂ ಹೀಗೇ, ಒಂದೇ ನೋಟದಲ್ಲಿ. ನಂಬಿಕೆ ಇಲ್ಲವೇ? ಕೂತುಕೊಳ್ಳಿ, ಪೂರ್ತಿ ಕೇಳಿ, ಆಮೇಲೆ ಶಿಳ್ಳೆ ಹೊಡೆಯಿರಿ.

ಅವತ್ತು ಬೆಳಿಗ್ಗೆ ಒಲೆಯ ಹೊಗೆಗೂ ಮೇಲೇಳಲು ಮನಸ್ಸಿರಲಿಲ್ಲ, ಅಷ್ಟು ಚಳಿ. ನಮ್ಮೂರಿನ ಹಿರಿಯಮ್ಮ ಬಾತ್ಮಾ ಅಪಾ ಮನೆಯಿಂದ ಹೇಳಿಕಳಿಸಿದ್ದರು: ಆರು ತಿಂಗಳ ಮೊಮ್ಮಗ ಆರ್ಗೆನ್‌ಗೆ ಕೆಮ್ಮು, ಬಂದು ನೋಡಿಕೊಂಡು ಹೋಗಲಿ. ಬುರುಲ್ ಎಜೆ ಚೀಲ ಹೆಗಲಿಗೇರಿಸಿ ಹೊರಟರು. ಐವತ್ತಮೂರು ವಯಸ್ಸು, ಇಪ್ಪತ್ತೇಳು ವರ್ಷದ ಸರ್ವಿಸು. ಊರಿಗೆ ಡಾಕ್ಟರಿಲ್ಲ. ಇರುವುದು ಎರಡು ಕೋಣೆಯ ಆರೋಗ್ಯ ಕೇಂದ್ರ, ಅದನ್ನು ನಡೆಸುವ ಎಜೆ, ನಾಲ್ಕು ತಿಂಗಳ ಹಿಂದೆ ಬಂದ ನರ್ಸ್ ಕುಂದುಜ್. ಹೆರಿಗೆಗೂ ಎಜೆ, ಹಲ್ಲುನೋವಿಗೂ ಎಜೆ, ಕುದುರೆಯಿಂದ ಬಿದ್ದವನ ಕೈಗೂ ಎಜೆ. ಊರಿನ ಅರ್ಧ ಜನ ಹುಟ್ಟಿದಾಗ ಮೊದಲು ಕಂಡ ಮುಖವೇ ಎಜೆಯದು.

ಬಾಗಿಲು ತೆರೆದವಳು ಮಗುವಿನ ತಾಯಿ ನಾಜಿರಾ. ಅವಳ ಗಂಡ ಕುರಿ ಹಿಂಡಿನ ಜೊತೆ ಚಳಿಗಾಲದ ಹುಲ್ಲುಗಾವಲಿಗೆ ಹೋಗಿದ್ದ. ಒಲೆ ಪಕ್ಕದಲ್ಲಿ ಅವಳ ತಮ್ಮ ತಿಲೆಕ್ ಕೂತು ಹಿಟ್ಟು ಕರಿದು ಮಾಡಿದ ಬೋರ್ಸೋಕ್ ಮುಕ್ಕುತ್ತಿದ್ದ. ಊರಿಂದ ಘಾಟಿ ದಾಟಿ ಪಟ್ಟಣಕ್ಕೆ ಬಾಡಿಗೆ ಕಾರು ಓಡಿಸುವವನು, ಇಪ್ಪತ್ತನಾಲ್ಕರ ಪ್ರಾಯ. ಟೀವಿಯಲ್ಲಿ ಬರುವ ಹಿಂದೂಸ್ತಾನದ ಸಿನಿಮಾಗಳನ್ನು ನೋಡಿ ನೋಡಿ, ಉಪ್ಪು ಕೊಡಿ ಅನ್ನುವುದನ್ನೂ ಡೈಲಾಗ್ ಹೊಡೆದೇ ಹೇಳುವಷ್ಟು ಕೆಟ್ಟಿದ್ದ.

“ಸೈಡ್ ಬಿಡಿ, ಸೈಡ್ ಬಿಡಿ! ಎಜೆ ಎಂಟ್ರಿ!” ಎಂದು ಬೋರ್ಸೋಕ್ ತುಂಬಿದ ಬಾಯಲ್ಲೇ ಕೂಗಿದ.

“ಬಾಯಿ ಮುಚ್ಚೋ, ಮಗು ಏಳತ್ತೆ” ಎಂದು ಗದರಿದ ಬಾತ್ಮಾ ಅಪಾ, ಎಜೆಯ ಕೈ ಹಿಡಿದು ಎಳೆದರು. “ಮೇಲೆ ಹೋಗು ಬುರುಲ್, ಮೇಲೆ ಹೋಗು. ಬಾಗ್ಲಲ್ಲಿ ಯಾಕೆ ನಿಂತೆ? ನಾನೇನು ಸತ್ತಿದೀನಾ?”

ಮೇಲೆ ಅಂದರೆ ಬಾಗಿಲಿಗೆ ಎದುರಿನ ಗೋಡೆಯ ಪಕ್ಕ, ದಪ್ಪ ಹಾಸುಗಳ ಮೇಲೆ. ಅತಿಥಿ ಎಷ್ಟು ದೊಡ್ಡವರೋ ಬಾಗಿಲಿನಿಂದ ಅಷ್ಟು ದೂರ ಕೂರಬೇಕು. ತೊಟ್ಟಿಲು ಇದ್ದದ್ದು ಬಾಗಿಲ ಹತ್ತಿರ, ಒಲೆಯ ಬಿಸಿಗೆ. ಹಾಗಾಗಿ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗೌರವ ಪಡೆದವರು ಮಗುವಿಗೆ ಎಲ್ಲರಿಗಿಂತ ದೂರದಲ್ಲಿ ಕೂತರು.

“ಮಗೂನ ಒಂದ್ಸಲ ನೋಡ್ಬಿಡ್ತೀನಿ ಅಪಾ.”

“ಮಗು ಎಲ್ಲೂ ಓಡಿಹೋಗಲ್ಲ, ತೊಟ್ಟಿಲಿಗೆ ಕಟ್ಟಿದೀವಲ್ಲ. ಮೊದ್ಲು ಚಾ ಕುಡಿ, ಆರತ್ತೆ.”

ಒಂದು ಬಟ್ಟಲು ಚಹಾ ಮೂರಾಯಿತು. ಬ್ರೆಡ್ಡು ಮುರಿದರು, ಬೆಣ್ಣೆ ಬಂತು, ಏಪ್ರಿಕಾಟ್ ಜ್ಯಾಮ್ ಬಂತು. ತೊಟ್ಟಿಲ ಕಡೆಯಿಂದ ಆಗಾಗ ಸಣ್ಣ ಕೆಮ್ಮು ಬರುತ್ತಿತ್ತು. ಕೊನೆಗೆ ಹೊರಡುವಾಗ ಹೊಸ್ತಿಲ ಬಳಿ ನಿಂತು ಎಜೆ ತೊಟ್ಟಿಲ ಮೇಲಿನ ವೆಲ್ವೆಟ್ ಹೊದಿಕೆಯ ತುದಿ ಎತ್ತಿದರು. ಒಳಗೆ ಎರಡು ಕಂಬಳಿ, ಅದರ ಮೇಲೆ ಕಟ್ಟುಪಟ್ಟಿ. ಕಂಡದ್ದು ಒಂದು ಮೂಗು, ಎರಡು ಕೆಂಪು ಕೆನ್ನೆ.

“ಶೀತ” ಅಂದರು. “ಹಾಲು ಕುಡೀತಿದಾನಾ?”

“ಕುಡೀತಾನೆ, ಕುಡೀತಾನೆ. ಗಂಡು ಮಗು ತಾನೆ” ಎಂದರು ಬಾತ್ಮಾ ಅಪಾ.

ನಾಜಿರಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿದಳು.

“ಬೆಚ್ಚಗಿಡಿ. ನಾಳೆ ಬಂದು ಒಂದು ಇಂಜೆಕ್ಷನ್ ಹಾಕ್ತೀನಿ.”

“ನೋಡಿದ್ರಾ?” ತಿಲೆಕ್ ಎದ್ದು ನಿಂತ. “ಮುಟ್ಟಿಲ್ಲ, ಬಿಚ್ಚಿಲ್ಲ, ಕೇಸ್ ಕ್ಲೋಸ್!”

ಎಲ್ಲರೂ ನಕ್ಕರು. ಎಜೆಗೂ ಒಳಗೊಳಗೆ ಖುಷಿಯಾಯಿತು. ಯಾರಿಗೆ ತಾನೆ ಆಗುವುದಿಲ್ಲ?

ಆರೋಗ್ಯ ಕೇಂದ್ರಕ್ಕೆ ಮರಳಿ, ಮಕ್ಕಳ ರಿಜಿಸ್ಟರ್ ತೆಗೆದು ಎಜೆ ಸರಸರ ಬರೆದರು. ಹೆಸರು, ವಯಸ್ಸು, ಕೆಮ್ಮು ಎಷ್ಟು ದಿನದಿಂದ. ನಿಮಿಷಕ್ಕೆ ಉಸಿರು ಎಷ್ಟು ಎಂಬ ಕಾಲಂನಲ್ಲಿ ‘38’ ಎಂದು ಬರೆದು ಪೆನ್ನು ಮುಚ್ಚಿದರು.

ಕುಂದುಜ್ ಪಕ್ಕದ ಮೇಜಿನಲ್ಲಿ ಲಸಿಕೆ ಪಟ್ಟಿ ಮಾಡುತ್ತಿದ್ದಳು. ಕತ್ತು ಚಾಚಿ ನೋಡಿದಳು.

“ಎಜೆ, ಆರ್ಗೆನ್ ಉಸಿರು ಮೂವತ್ತೆಂಟಾ?”

“ಹೂಂ.”

“ಮೊನ್ನೆ ಬಂದಿದ್ದ ಕುರಿ ಕಾಯೋರ ಮನೆ ಹುಡುಗೀದೂ ಮೂವತ್ತೆಂಟು.”

“ಹೂಂ.”

“ಅದಕ್ಕೆ ಮುಂಚೆ ಮೇಲ್ಗಡೆ ಬೀದಿ ಅವಳಿಗಳು. ಇಬ್ರದೂ ಮೂವತ್ತೆಂಟು. ಹೋಗ್ಲಿ ಬಿಡಿ, ಅವಳಿಗಳು.” ಅವಳು ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು ಹಾಳೆ ತಿರುವಿದಳು. “ಸೆಪ್ಟೆಂಬರಿಂದ ಈಚೆಗೆ ಹತ್ತೊಂಬತ್ತು ಮಕ್ಕಳು. ಎಲ್ಲರದೂ ಮೂವತ್ತೆಂಟು. ನಮ್ಮೂರ ಮಕ್ಕಳೇನು ಡ್ರಿಲ್ ಮಾಸ್ತರ ಶಿಳ್ಳೆಗೆ ಉಸಿರಾಡ್ತಾವಾ ಎಜೆ?”

ಎಜೆಯ ಕಿವಿ ಕೆಂಪಾಯಿತು. “ನೀನು ತೊಟ್ಟಿಲಲ್ಲಿ ಕಿರುಚ್ತಿದ್ದಾಗ್ಲೇ ನಾನು ಇಲ್ಲಿ ಹೆರಿಗೆ ಮಾಡಿಸ್ತಿದ್ದೆ, ಗೊತ್ತಾ?”

“ಗೊತ್ತು ಎಜೆ. ಅದಕ್ಕೇ ಊರುಗಳ ಪಟ್ಟಿ ಕೊಟ್ಟಾಗ ಇದನ್ನೇ ಕೇಳಿ ಹಾಕಿಸ್ಕೊಂಡೆ. ನಿಮ್ಮ ಹತ್ರ ಎಲ್ಲಾ ಕಲೀಬೇಕು ಅಂತ.” ಅವಳು ತಲೆ ತಗ್ಗಿಸಿ ಮೆಲ್ಲಗೆ ಸೇರಿಸಿದಳು, “ಇದೊಂದನ್ನ ಕಲಿಸ್ಬೇಡಿ.”

ಎಜೆ ಎದ್ದು ಒಲೆಗೆ ಕಲ್ಲಿದ್ದಲು ಹಾಕಿದರು. ಬೇಕಿದ್ದಕ್ಕಿಂತ ಜೋರಾಗಿಯೇ ಹಾಕಿದರು. ಕುಂದುಜ್ ಗೋಡೆಯ ಬಳಿ ಹೋದಳು. ಅಲ್ಲಿ ಒಂದು ಕ್ಯಾಲೆಂಡರು ನೇತಾಡುತ್ತಿತ್ತು: ಕಪ್ಪು ಕನ್ನಡಕ, ದಪ್ಪ ಮೀಸೆ, ಹಿಂದೆ ಬೆಂಕಿ ಹತ್ತಿದ ಕಾರು. ತಿಲೆಕ್ ಪ್ರತಿ ಹೊಸ ವರ್ಷಕ್ಕೂ ತಂದು ನೇತುಹಾಕುವ ಹೀರೋ. ಅದನ್ನು ಮೊಳೆಯಿಂದ ತೆಗೆದಳು. ಹಿಂದೆ ಗೋಡೆಗೆ ಅಂಟಿಸಿದ ಒಂದು ದೊಡ್ಡ ಹಾಳೆ ಇತ್ತು. ‘ಕೆಮ್ಮು ಇರುವ ಮಗುವನ್ನು ನೋಡುವ ಕ್ರಮ.’

“ಇದು ಯಾವಾಗ ಬಂತು?” ಎಂದರು ಎಜೆ.

“ಎರಡು ವರ್ಷ ಆಯ್ತು. ತಲುಪಿದೆ ಅಂತ ನಿಮ್ಮದೇ ಸಹಿ ಇದೆ ಎಜೆ.”

ಎಜೆ ಕನ್ನಡಕ ಹಾಕಿಕೊಂಡು ಓದಿದರು. ಎದೆಯ ಮೇಲಿನ ಬಟ್ಟೆ ಬಿಚ್ಚಿ ನೋಡಿ. ಮಗು ಅಳದೆ ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದ ಮಗುವಿಗೆ ಐವತ್ತು ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಒಂದರಿಂದ ಐದು ವರ್ಷದವರಿಗೆ ನಲವತ್ತು ಅಥವಾ ಹೆಚ್ಚು. ಉಸಿರು ಎಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತದೆಯೇ ನೋಡಿ. ಹಾಲು ಕುಡಿಯುತ್ತಿದೆಯೇ ಎಂದು ತಾಯಿಯನ್ನು ಕೇಳಿ.

ತಾಯಿಯನ್ನು ಕೇಳಿ. ಆ ಸಾಲಿನಲ್ಲಿ ಎಜೆಯ ಕಣ್ಣು ನಿಂತಿತು. ಬಾಯಿ ತೆರೆದು ಮುಚ್ಚಿದ ನಾಜಿರಾಳ ಮುಖ ನೆನಪಾಯಿತು. ಆದರೂ ಸೋಲಲು ಮನಸ್ಸಿಲ್ಲ.

“ಇದನ್ನ ಬರ್ದೋನು ನಮ್ಮೂರ ಚಳಿ ನೋಡಿದಾನಾ? ಜನವರೀಲಿ ತೊಟ್ಟಿಲ ಮಗೂನ ಬಿಚ್ಚು ಅಂತಾನೆ!”

“ಒಬ್ರು ಬರ್ದಿದ್ದಲ್ಲ ಎಜೆ. ನಿಮ್ಮಂಥ ಸಾವಿರಾರು ಜನ ನೋಡಿದ್ದು, ಎಡವಿದ್ದು, ಎಲ್ಲಾ ಸೇರಿಸಿ ಬರ್ದಿರೋದು. ನೀವು ಇಪ್ಪತ್ತೇಳು ವರ್ಷ ನಮ್ಮೂರ ಮಕ್ಕಳನ್ನ ನೋಡಿದೀರಿ. ಅವರು ಎಷ್ಟೋ ಊರಿನ ಮಕ್ಕಳನ್ನ ನೋಡಿದಾರೆ. ಉಳಿದ ಮಕ್ಕಳನ್ನೂ, ಉಳೀದೇ ಇದ್ದ ಮಕ್ಕಳನ್ನೂ.”

ಎಜೆ ಹಾಳೆಯನ್ನು ಮೊದಲಿಂದ ಇನ್ನೊಮ್ಮೆ ಓದಿದರು. ಆಮೇಲೆ ಕೋಟು ತೆಗೆದುಕೊಂಡರು.

“ನಾನು ಹೋಗಿ ಎಣಿಸಿ, ಮೂವತ್ತೆಂಟೇ ಬಂದ್ರೆ?”

“ಬಂದ್ರೆ ಇಡೀ ಚಳಿಗಾಲ ಈ ಒಲೆಗೆ ಕಲ್ಲಿದ್ದಲು ನಾನೇ ಹೊರ್ತೀನಿ.”

“ಹೊರೋಕೆ ರೆಡಿಯಾಗು. ನಡಿ.”

ಕುಂದುಜ್ ಡ್ರಾಯರಿನಿಂದ ಒಂದು ಪುಟ್ಟ ಟೈಮರ್ ತೆಗೆದಳು. ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಎಜೆಯ ಕೈಗಡಿಯಾರ ಸರ್ವಿಸಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಬಂದ ಬಹುಮಾನ. ಚಿನ್ನದ ಬಣ್ಣ, ತುಂಬ ಚೆಂದ. ಸೆಕೆಂಡಿನ ಮುಳ್ಳು ಮಾತ್ರ ಅದಕ್ಕಿರಲಿಲ್ಲ.

ಒಂದೇ ದಿನ ಒಂದೇ ಮನೆಗೆ ಎಜೆ ಎರಡು ಸಲ ಹೋಗುವುದನ್ನು ತೆಕೆ-ಬುಲಾಕ್ ಯಾವತ್ತೂ ನೋಡಿರಲಿಲ್ಲ. ಬೇಲಿಗಳ ಮೇಲೆ ತಲೆಗಳು ಎದ್ದವು.

“ಏನ್ ಎಜೆ, ಏನಾದ್ರೂ ಮರೆತ್ ಬಂದ್ರಾ?” ಎಂದು ಒಬ್ಬಳು ಕೂಗಿದಳು.

“ಹೂಂ ಕಣೇ,” ಎಂದರು ಎಜೆ. “ಒಂದು ನಿಮಿಷ ಮರೆತ್ ಬಂದೆ.”

ಬಾತ್ಮಾ ಅಪಾ ಮತ್ತೆ ಕೈ ಹಿಡಿದು ಮೇಲೆ ಎಳೆಯಲು ಬಂದರು. ಎಜೆ ತಟ್ಟೆಯಿಂದ ಒಂದು ಚೂರು ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡರು. ಅನ್ನದ ಮರ್ಯಾದೆ ಅಲ್ಲಿಗೆ ಸಂದಿತು. ಸೀದಾ ಹೋಗಿ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತರು.

“ಬೂಟುಗಳ ಹತ್ರ ಕೂತ್ಯಲ್ಲ ಬುರುಲ್! ನೋಡಿದೋರು ನನ್ ಮುಖಕ್ಕೆ ಉಗೀತಾರೆ!”

“ಉಗುಳ್ಲಿ ಅಪಾ. ಮಗು ಇಲ್ಲಿದೆಯಲ್ಲ. ಕಟ್ಟು ಬಿಚ್ಚಬೇಕು.”

“ಈ ಚಳೀಲಾ? ಬೆಳಿಗ್ಗೆ ನೋಡಿದ್ಯಲ್ಲ, ಶೀತ ಅಂದ್ಯಲ್ಲ?”

ಇಪ್ಪತ್ತೇಳು ವರ್ಷದಲ್ಲಿ ಆಡದ ಮಾತನ್ನು ಎಜೆ ಅವತ್ತು ಆಡಿದರು.

“ಬೆಳಿಗ್ಗೆ ನಾನು ಮಗೂನ ನೋಡ್ಲಿಲ್ಲ ಅಪಾ. ಹೊದಿಕೆ ನೋಡಿ ಹೇಳ್ದೆ.”

ಆ ಮಾತು ತಡೆದುಕೊಳ್ಳಲಾಗದೆ ತಿಲೆಕ್ ಬಾಯಿ ಹಾಕಿದ.

“ಬಿಡಿ ಎಜೆ, ನಿಮ್ ಕಣ್ಣೇ ಎಕ್ಸ್‌ರೇ! ಟೈಮರ್ ಇಟ್ಕೊಂಡು ಎಣಿಸೋದೆಲ್ಲ ಸೈಡ್ ಆಕ್ಟರ್ ಕೆಲಸ. ಹೀರೋ ಎಲ್ಲಾದ್ರೂ ಲೆಕ್ಕ ಹಾಕ್ಕೊಂಡು ಹೊಡೀತಾನಾ?”

ಎಜೆ ಒಲೆಯ ಮುಂದೆ ಕೈ ಬಿಸಿ ಮಾಡಿಕೊಳ್ಳುತ್ತಾ ಕೇಳಿದರು. “ಲೋ ತಿಲೆಕ್, ಘಾಟಿ ಹತ್ತೋಕೆ ಮುಂಚೆ ಕಾರು ನಿಲ್ಸಿ ಚಕ್ರಕ್ಕೆ ಚೈನ್ ಕಟ್ತೀಯಲ್ಲ, ಯಾಕೆ?”

“ಕಟ್ದೇ ಇದ್ರೆ ಕೆಳಗಡೆ ಹೊಳೇಲಿ ಇರ್ತೀವಿ ಎಜೆ.”

“ಆರು ವರ್ಷದಿಂದ ಓಡಿಸ್ತೀಯ. ತಿರುವೆಲ್ಲ ಬಾಯಿಪಾಠ. ಒಂದಿನ ಕಟ್ಟದೇ ಹೋಗು ನೋಡೋಣ. ಹೀರೋ ತಾನೆ?”

“ಕಾರಲ್ಲಿ ಜನ ಇರ್ತಾರಲ್ಲ ಎಜೆ.”

“ಇಲ್ಲೂ ಒಬ್ಬ ಇದಾನೆ.”

ತಿಲೆಕ್ ಒಂದು ಬೋರ್ಸೋಕ್ ಎತ್ತಿ ಬಾಯಿಗೆ ತುರುಕಿಕೊಂಡ.

ಕುಂದುಜ್ ಒಲೆಯನ್ನು ಚೆನ್ನಾಗಿ ಕೆದಕಿ ಕೋಣೆ ಬಿಸಿ ಮಾಡಿದಳು. ನಾಜಿರಾ ಕಟ್ಟುಪಟ್ಟಿ ಸಡಿಲಿಸಿ, ಕಂಬಳಿ ಸರಿಸಿ, ಮಗುವನ್ನು ತೊಡೆಯ ಮೇಲೆ ತೆಗೆದುಕೊಂಡು ಅಂಗಿ ಎತ್ತಿದಳು. ಮನೆಮದ್ದೆಂದು ಎದೆಗೆ ಕುರಿಯ ಬಾಲದ ಕೊಬ್ಬು ಸವರಿದ್ದರು. ಬೆಂಕಿಯ ಬೆಳಕಿಗೆ ಆ ಪುಟ್ಟ ಎದೆ ಮಿರಿಮಿರಿ ಮಿಂಚುತ್ತಿತ್ತು.

“ಯಾರೂ ಉಸಿರೆತ್ತಬಾರ್ದು,” ಎಂದರು ಎಜೆ. “ಅವನೊಬ್ಬನ ಬಿಟ್ಟು.”

ಕುಂದುಜ್ ಟೈಮರ್ ಒತ್ತಿದಳು. ಎಜೆ ತುಟಿಯೊಳಗೇ ಎಣಿಸತೊಡಗಿದರು. ಒಂದು, ಎರಡು, ಮೂರು... ಹತ್ತು ಕಳೆಯುವಷ್ಟರಲ್ಲಿ ಅವರ ಹುಬ್ಬು ಗಂಟಾಯಿತು. ಇಪ್ಪತ್ತು ಬೇಗ ಬಂತು. ಮೂವತ್ತು ಇನ್ನೂ ಬೇಗ. ನಲವತ್ತು, ನಲವತ್ತೊಂದು...

ಟಡಡಾಂ ಟಡಡಾಂ ಎಂದು ತಿಲೆಕ್‌ನ ಜೇಬಿನಿಂದ ಡೋಲು, ಪಿಟೀಲು, ಹೀರೋ ಕುದುರೆ ಹತ್ತಿ ಬರುವ ಮ್ಯೂಸಿಕ್ಕು! ಆರ್ಗೆನ್ ಬೆಚ್ಚಿ ಅಳತೊಡಗಿದ. ತಿಲೆಕ್ ಜೇಬು ತಡಕಾಡಿ ಫೋನು ಆರಿಸಿದ. ಬಾತ್ಮಾ ಅಪಾ ಕೈಗೆ ಸಿಕ್ಕ ಬೂಟು ಎಸೆದರು, ಅದು ಅವನ ಬೆನ್ನಿಗೆ ಬಿತ್ತು.

“ನಲವತ್ತು ದಾಟಿತ್ತಲ್ಲ ಎಜೆ,” ಎಂದಳು ಕುಂದುಜ್, ತಾನೇ ಗಾಬರಿಯಾಗಿ. “ಅಂದಾಜು ಮಾಡಿ...”

“ಕಾಗದದಲ್ಲಿ ಅಂದಾಜು ಅಂತ ಇದೆಯಾ?”

“ಇಲ್ಲ.”

“ಅಳು ನಿಲ್ಲಿಸ್ಲಿ. ಕಾಯೋಣ.”

ಎಜೆ ತಿಲೆಕ್‌ನನ್ನು ಬೈಯಲಿಲ್ಲ, ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾಜಿರಾ ಮಗುವನ್ನು ಹೆಗಲಿಗೆ ಹಾಕಿ ತಟ್ಟಿದಳು. ಅಳು ಬಿಕ್ಕಾಯಿತು, ಬಿಕ್ಕು ಮೌನವಾಯಿತು. ಎಜೆ ಮತ್ತೆ ಒಂದರಿಂದ ಶುರು ಮಾಡಿದರು.

ಟೈಮರ್ ಪಿಕ್ ಎಂದಿತು.

“ಅರವತ್ತನಾಲ್ಕು” ಎಂದರು ಎಜೆ.

“ನನಗೂ ಅಷ್ಟೇ ಬಂತು” ಎಂದಳು ಕುಂದುಜ್. ಗೆದ್ದ ದನಿ ಆಗಿರಲಿಲ್ಲ ಅದು.

ಈಗ ಎಲ್ಲರಿಗೂ ಕಾಣುತ್ತಿತ್ತು. ಮಗು ಉಸಿರು ಎಳೆದಾಗಲೆಲ್ಲ ಕೊಬ್ಬು ಸವರಿದ ಎದೆಯ ಕೆಳಗೆ, ಪಕ್ಕೆಲುಬಿನ ಹತ್ತಿರ, ಒಂದು ಗುಳಿ ಬೀಳುತ್ತಿತ್ತು. ಬೆಳಿಗ್ಗೆಯಿಂದ ಬೀಳುತ್ತಲೇ ಇದ್ದಿರಬೇಕು. ಎರಡು ಕಂಬಳಿ ಮತ್ತು ವೆಲ್ವೆಟ್ಟಿನ ಕೆಳಗೆ, ಮೂರು ಬಟ್ಟಲು ಚಹಾದ ಉದ್ದಕ್ಕೂ.

“ನಾಜಿರಾ, ಈಗ ನೀನು ಹೇಳು. ಅಪಾ, ನೀವು ಸ್ವಲ್ಪ ಸುಮ್ನಿರಿ. ಹಾಲು ಕುಡೀತಿದಾನಾ?”

ನಾಜಿರಾಳ ಕಣ್ಣು ತುಂಬಿತು. “ನಿನ್ನೆ ಸಂಜೆಯಿಂದ ಬಾಯಿಗೆ ತಗೋತಾನೆ, ಬಿಟ್ಬಿಡ್ತಾನೆ ಎಜೆ. ಬೆಳಿಗ್ಗೆಯಿಂದ ಒಂದು ಗುಟುಕೂ ಇಲ್ಲ.”

“ಬೆಳಿಗ್ಗೆ ಹೇಳ್ಬಾರ್ದಿತ್ತೇನೇ?”

“ಅಪಾ ಹೇಳ್ಬಿಟ್ರು. ನೀವೂ ಕೇಳಿಸ್ಕೊಂಡು ಹೊರಟ್ಬಿಟ್ರಿ.”

ಈಗೊಮ್ಮೆ ಹಾಲು ಕೊಟ್ಟು ತೋರಿಸು ಎಂದರು ಎಜೆ. ನಾಜಿರಾ ಮಗುವನ್ನು ಎದೆಗೆ ಹಿಡಿದಳು. ಆರ್ಗೆನ್ ಬಾಯಿ ಇಟ್ಟ, ಏದುಸಿರು ಬಿಟ್ಟ, ಮುಖ ತಿರುಗಿಸಿಕೊಂಡ.

ಎಜೆ ಕುಂದುಜ್ ಕಡೆ ನೋಡಿದರು. ಅವಳು ಗೋಡೆಯ ಹಾಳೆಯ ಚಿಕ್ಕ ಪ್ರತಿಯನ್ನು ಚೀಲದಿಂದ ತೆಗೆದು ಹಿಡಿದಳು. ಕೊನೆಯ ಸಾಲಿನ ಮೇಲೆ ಇಬ್ಬರ ಬೆರಳೂ ಒಟ್ಟಿಗೆ ನಿಂತವು. ಹಾಲು ಕುಡಿಯಲಾರದ ಮಗು: ಮದ್ದಿನ ಮೊದಲ ಡೋಸು ಕೊಟ್ಟು, ಕೂಡಲೇ ಆಸ್ಪತ್ರೆಗೆ ಕಳಿಸಿ.

ಚೀಲದಿಂದ ತಕ್ಕಡಿ ತೆಗೆದು ಮಗುವಿನ ತೂಕ ನೋಡಿದರು. ಆ ತೂಕಕ್ಕೆ ಪಟ್ಟಿಯಲ್ಲಿ ಬರೆದಷ್ಟೇ ಮದ್ದು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಜೆ ಓದಿದರು, ಕುಂದುಜ್ ತುಂಬಿದಳು, ಎಜೆ ಮತ್ತೆ ಓದಿ ನೋಡಿ ಚುಚ್ಚಿದರು.

“ಹಾಂ, ಇಂಜೆಕ್ಷನ್ ಆಯ್ತಲ್ಲ,” ಎಂದರು ಬಾತ್ಮಾ ಅಪಾ. “ಇನ್ನು ಗುಣ ಆಗತ್ತೆ. ಘಾಟೀಲಿ ಹಿಮ ಬಿದ್ದಿದೆ. ಈ ಕೂಸನ್ನ ಆ ದಾರೀಲಿ ಎಳ್ಕೊಂಡು ಹೋಗೋದಾ? ನಾಳೆ ನೋಡೋಣ.”

“ಇದ್ರಲ್ಲಿ ನಾಳೆ ಅಂತ ಬರ್ದಿಲ್ಲ ಅಪಾ. ಕೂಡ್ಲೇ ಅಂತಿದೆ.”

“ಕಾಗದ ಬಿಸಾಕು! ನಾನು ನಂಬಿರೋದು ನಿನ್ನ. ಈ ಮನೇಲಿ ನಾಲ್ಕು ಹೆರಿಗೆ ಮಾಡ್ಸಿದೀಯ. ನಿನ್ ಬಾಯಿಂದ ಬಂದಿದ್ದೇ ನನಗೆ ಸಾಕು.”

ಬಾಗಿಲಲ್ಲಿ ಆಗಲೇ ಅಕ್ಕಪಕ್ಕದ ಮೂವರು ಬಂದು ನಿಂತಿದ್ದರು. ಎಜೆ ಅವರನ್ನೂ ನೋಡಿದರು. ಈಗ ಆಡುವ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದರು.

“ಬೆಳಿಗ್ಗೆಯೂ ನನ್ನ ನಂಬಿದ್ರಿ ಅಪಾ. ನಾನು ತಪ್ಪು ಹೇಳ್ದೆ. ಇವನಿಗೆ ಇರೋದು ಶೀತ ಅಲ್ಲ, ಶ್ವಾಸಕೋಶದ ಸೋಂಕು. ಈ ಹುಡುಗಿ ಕೇಳ್ದೇ ಇದ್ದಿದ್ರೆ ನಾನು ನಾಳೆ ಬರ್ತಿದ್ದೆ. ನಾಳೆ ಬರೋ ಹೊತ್ತಿಗೆ...”

ಬಾತ್ಮಾ ಅಪಾ ಎಜೆಯನ್ನು ನೋಡಿದರು. ಮೊಮ್ಮಗನ ಎದೆಯ ಗುಳಿಯನ್ನು ನೋಡಿದರು. ಆಮೇಲೆ ತಮ್ಮ ಹೆಗಲ ಮೇಲಿದ್ದ ಉಣ್ಣೆಯ ದೊಡ್ಡ ಶಾಲು ತೆಗೆದು, ಮಗುವಿಗೆ ಸುತ್ತಲು ನಾಜಿರಾಳ ಕೈಗೆ ಕೊಟ್ಟರು.

“ತಿಲೆಕ್,” ಎಂದರು. “ಕಾರ್ ತೆಗಿ. ಬಾಯಿ ತೆಗೀಬೇಡ.”

ಘಾಟಿಯ ಬುಡದಲ್ಲಿ ತಿಲೆಕ್ ಕಾರು ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಚೈನ್ ಕಟ್ಟಿದ. ಒಂದೊಂದನ್ನೂ ಎಳೆದು ನೋಡಿದ. ಹಿಂದಿನ ಸೀಟಿನಲ್ಲಿ ನಾಜಿರಾಳ ಪಕ್ಕ ಕೂತು ಎಜೆ ಮಗುವಿನ ಉಸಿರು ನೋಡುತ್ತಲೇ ಇದ್ದರು. ಊರಿನಲ್ಲಿ ಉಳಿದ ಕುಂದುಜ್ ಆಸ್ಪತ್ರೆಗೆ ಫೋನು ಮಾಡಿ ಎಲ್ಲ ಒಪ್ಪಿಸಿದ್ದಳು: ಆರು ತಿಂಗಳು, ಉಸಿರು ಅರವತ್ತನಾಲ್ಕು, ಎದೆ ಒಳಗೆ ಹೋಗುತ್ತಿದೆ, ಹಾಲು ಕುಡಿಯುತ್ತಿಲ್ಲ, ಮೊದಲ ಡೋಸು ಇಂತಿಷ್ಟು ಗಂಟೆಗೆ. ಕಾರು ತಲುಪಿದಾಗ ಆಮ್ಲಜನಕ ಸಿದ್ಧವಾಗಿತ್ತು.

ಡಾಕ್ಟರಮ್ಮ ಮಗುವನ್ನು ನೋಡಿ, ಚೀಟಿ ನೋಡಿ ಕೇಳಿದರು, “ಯಾರು ಎಣಿಸಿದ್ದು?”

“ನಾನೇ.”

“ಪೂರ್ತಿ ನಿಮಿಷಾನಾ?”

“ಪೂರ್ತಿ.”

“ಒಳ್ಳೇದಾಯ್ತು ಎಜೆ. ನ್ಯುಮೋನಿಯಾ ಜೋರಾಗಿದೆ. ಇವತ್ತು ತಂದ್ರಿ, ಕೈಗೆ ಸಿಕ್ಕಿದ. ನಾಳೆ ಆಗಿದ್ರೆ ನಾನು ಮಾತು ಕೊಡೋಕಾಗ್ತಿರಲಿಲ್ಲ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಜೆ ಅವತ್ತು ಸ್ವಲ್ಪ ಹೊತ್ತು ಅತ್ತರು. ತಿಲೆಕ್ ನೋಡಿದ. ನೋಡಿಲ್ಲದವನ ಹಾಗೆ ಕಾರಿನ ಗಾಜು ಒರೆಸಿದ.

ಒಂಬತ್ತು ದಿನದ ಮೇಲೆ ಆರ್ಗೆನ್ ಮನೆಗೆ ಬಂದ. ಬಂದವನೇ ಅಜ್ಜಿಯ ಮುಖಕ್ಕೆ ಸೀನಿದ. ಅಜ್ಜಿ ಆ ಸೀನನ್ನು ಪ್ರಶಸ್ತಿ ಬಂದ ಹಾಗೆ ಒರೆಸಿಕೊಂಡರು.

ಅವತ್ತೇ ಎಜೆ ರಿಜಿಸ್ಟರ್ ತೆಗೆದರು. ಕೆಂಪು ಪೆನ್ನು ಹಿಡಿದು, ಒಂದೊಂದು ಮೂವತ್ತೆಂಟನ್ನೂ ಹೊಡೆದು ಹಾಕಿ ಪಕ್ಕದಲ್ಲಿ ‘ಎಣಿಸಿಲ್ಲ’ ಎಂದು ಬರೆದು ಸಹಿ ಮಾಡಿದರು. ಹೀಗೆ ಹತ್ತೊಂಬತ್ತು ಸಲ.

“ಮೇಲಿನೋರು ಬೈತಾರೆ ಎಜೆ” ಎಂದಳು ಕುಂದುಜ್.

“ಬೈಲಿ. ಇಪ್ಪತ್ತೇಳು ವರ್ಷ ಹೊಗಳಿಸ್ಕೊಂಡಿದೀನಿ. ಒಂದಿನ ಬೈಸ್ಕೊಳ್ಳೋಕಾಗಲ್ವಾ?”

ಆಮೇಲೆ ಅವರಿಬ್ಬರೂ ಆ ಹತ್ತೊಂಬತ್ತು ಮಕ್ಕಳ ಮನೆಗೂ ಹೋಗಿ ಬಂದರು. ಈಗ ರಿಜಿಸ್ಟರಿನಲ್ಲಿ ಇಪ್ಪತ್ತೆಂಟಿದೆ, ಮೂವತ್ತೊಂದಿದೆ, ನಲವತ್ತಾರಿದೆ. ಒಂದೊಂದು ಮಗುವಿಗೂ ಅದರದ್ದೇ ಉಸಿರು ಬಂದಿದೆ.

ಮೊನ್ನೆ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಕೆಮ್ಮೆಂದು ಕರೆತಂದಳು. ಎಜೆ ಅಂಗಿ ಬಿಚ್ಚಿಸಿ, ಪೂರ್ತಿ ನಿಮಿಷ ಎಣಿಸಿ, ಮೂವತ್ತು ಎಂದು ಬರೆದರು. ಎದೆ ಒಳಗೆ ಹೋಗುತ್ತಿರಲಿಲ್ಲ. ಹುಡುಗಿ ಚೆನ್ನಾಗಿ ಉಣ್ಣುತ್ತಿದ್ದಳು, ಕುಣಿಯುತ್ತಲೂ ಇದ್ದಳು.

“ಇಂಜೆಕ್ಷನ್ ಬೇಡ. ಬಿಸಿಬಿಸಿ ಕುಡಿಯೋಕೆ ಕೊಡು. ಉಸಿರು ಜೋರಾದ್ರೆ, ಜ್ವರ ಏರಿದ್ರೆ, ಕುಡಿಯೋದು ಬಿಟ್ರೆ ತಕ್ಷಣ ಕರ್ಕೊಂಡು ಬಾ.”

“ಅಷ್ಟು ದೂರದಿಂದ ಬಂದಿದೀನಿ. ಒಂದು ಚುಚ್ಚಿ ಕಳಿಸ್ಬಿಡಿ ಎಜೆ!”

ರಕ್ತದೊತ್ತಡ ನೋಡಿಸಿಕೊಳ್ಳಲು ಬಂದಿದ್ದ ಬಾತ್ಮಾ ಅಪಾ ಮೂಲೆಯಿಂದಲೇ ಗುಡುಗಿದರು. “ಸುಮ್ನೆ ಎದ್ದು ಮನೆಗೆ ಹೋಗೇ! ಮಗೂಗೆ ಬೇಡದ ಸೂಜಿ ಯಾಕೆ? ಬೇಕಾದಾಗ ಈ ಬುರುಲ್ ಘಾಟಿ ದಾಟ್ಸೋಳು. ಅವಳು ಕಣ್ಣಲ್ಲಿ ನೋಡಿ ಹೇಳಿದ್ದಲ್ಲ ಇದು, ಎಣಿಸಿ ಹೇಳಿದ್ದು!”

ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ನಿಮಗೆ. ನಿಮ್ಮ ಗೋಡೆಯ ಮೇಲೂ ಒಂದು ಹಾಳೆ ಇರುತ್ತದೆ. ಕೆಮ್ಮಿಗೆ ಒಂದು, ಭೇದಿಗೆ ಒಂದು, ಹೆರಿಗೆಗೆ ಒಂದು. ಅದರ ಮೇಲೆ ಕ್ಯಾಲೆಂಡರ್ ನೇತಾಡುತ್ತಿದ್ದರೆ ಇವತ್ತೇ ತೆಗೆಯಿರಿ. ರೋಗಿಯ ಮುಂದೆಯೇ ಆ ಹಾಳೆ ಓದಿ, ನಾಚಿಕೆ ಬೇಡ. ಓದಿದ್ದಕ್ಕೆ ನಮ್ಮೂರಲ್ಲಿ ಎಜೆಯ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಎಣಿಸದೆ ಬರೆಯಬೇಡಿ. ತಾಯಿ ಹೇಳುವುದನ್ನು ತಾಯಿಯ ಬಾಯಿಂದಲೇ ಕೇಳಿ. ಚಿಕ್ಕವರು ಪ್ರಶ್ನೆ ಕೇಳಿದರೆ ಕೋಪ ಬರಲಿ, ಪರವಾಗಿಲ್ಲ, ಆದರೆ ಕೋಟು ಹಾಕಿಕೊಂಡು ಮತ್ತೆ ಹೋಗಿ ನೋಡಿ. ಇನ್ನು ಮನೆಯವರೇ, ಆರೋಗ್ಯ ಕಾರ್ಯಕರ್ತೆ ಮಗುವಿನ ಬಟ್ಟೆ ಬಿಚ್ಚಿ ಎಂದರೆ ಬಿಚ್ಚಿ. ಚಹಾ ಆಮೇಲೆ ಕೊಡಿ.

ಸರಿ. ಈಗ ಶಿಳ್ಳೆ ಹೊಡೆಯುವ ಮುಂಚೆ ಒಂದು ಮಾತು.

ಶುರುವಿನಲ್ಲಿ ನಾನು ಹೇಳಿದ್ದು ಸುಳ್ಳು. ಒಂದೇ ನೋಟದಲ್ಲಿ ಎಜೆ ಆರ್ಗೆನ್‌ನ ಜೀವ ಉಳಿಸಲಿಲ್ಲ. ಆ ಒಂದು ನೋಟ ಅವನನ್ನು ಕಳೆದೇಬಿಡುತ್ತಿತ್ತು. ಅವನನ್ನು ಉಳಿಸಿದ್ದು ಗೋಡೆಯ ಹಾಳೆ, ಪೂರ್ತಿ ಒಂದು ನಿಮಿಷ, ಮತ್ತೆ ತಪ್ಪಾಯಿತು ಎಂದು ಹತ್ತು ಜನರ ಮುಂದೆ ಹೇಳುವ ಎಜೆಯ ಧೈರ್ಯ. ಹೊಸ್ತಿಲ ಮೇಲೆ ನಿಂತು ರೋಗ ಹೇಳುತ್ತಾರೆ ಎಂಬ ಕಥೆಯನ್ನು ಕಾರು ಹತ್ತಿದವರಿಗೆಲ್ಲ ಹೇಳಿ ಹೇಳಿ ಊರಿಗೆ ಹಬ್ಬಿಸಿದವನು ನಾನು. ಎಜೆಯೂ ಅದನ್ನು ನಂಬುವಷ್ಟು ಹೇಳಿದ್ದೆ. ಹೌದು, ತಿಲೆಕ್ ನಾನೇ. ಆ ಹಾಳೆಯ ಮೇಲೆ ಕ್ಯಾಲೆಂಡರು ನೇತು ಹಾಕಿದವನೂ ನಾನೇ.

ಇನ್ನೊಂದಿದೆ. ಇದನ್ನು ಎಜೆಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಅವತ್ತು ನನ್ನ ಫೋನಿಗೆ ಯಾರೂ ಕರೆ ಮಾಡಿರಲಿಲ್ಲ. ಎಲ್ಲರೂ ನಗಲಿ, ಎಜೆ ಈ ಎಣಿಕೆ ಬಿಟ್ಟು ಎದ್ದು ಹೀರೋ ಥರ ಒಂದು ಮಾತು ಹೇಳಲಿ ಎಂದು, ಜೇಬಿನೊಳಗೆ ಗುಂಡಿ ಒತ್ತಿದವನು ನಾನು. ನನ್ನ ಸ್ವಂತ ಅಕ್ಕನ ಮಗನ ನಿಮಿಷ ಅದು, ನಲವತ್ತೊಂದರಲ್ಲಿ ಮುರಿದೆ.

ಎಜೆ ಮತ್ತೆ ಒಂದರಿಂದ ಎಣಿಸಿದರು.